ಬಚ್ಚಲುಮನೆಯ ದುಡ್ಡು ಮೊದಲು ನೆಲಕ್ಕೆ, ಆಮೇಲೆ ಗೋಡೆಗೆ
ಭರಮಸಾಗರ ಹೋಬಳಿಯ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ಒಂದು ಬಹಿರಂಗ ಪತ್ರ



ಹಸು, ಹೊಲಿಗೆ ಯಂತ್ರ, ಮಕ್ಕಳ ಫೀಸು, ಮದುವೆ ಎಂದು ಸಂಘದಲ್ಲಿ ಸಾಲ ಕೇಳಲು ಯಾರೂ ಹಿಂಜರಿಯುವುದಿಲ್ಲ. ಬಚ್ಚಲುಮನೆ ಎಂದು ಕೇಳಲು ಮಾತ್ರ ನಾಲಿಗೆ ತಡವರಿಸುತ್ತದೆ. ಹೇಗೋ ಒಂದಿಷ್ಟು ದುಡ್ಡು ಕೂಡಿತು ಅನ್ನಿ, ಅದು ನೇರ ದಾವಣಗೆರೆಯ ಇಲ್ಲವೇ ಚಿತ್ರದುರ್ಗದ ಟೈಲ್ಸ್ ಅಂಗಡಿ ಸೇರುತ್ತದೆ. ಗೋಡೆ ಸೂರಿನವರೆಗೂ ಹೊಳೆಯುತ್ತದೆ. ಆದರೆ ನೀರು ಮೊದಲು ಯಾವ ಮೂಲೆಯಲ್ಲಿ ನಿಲ್ಲುತ್ತಿತ್ತೋ ಆಮೇಲೂ ಅದೇ ಮೂಲೆಯಲ್ಲಿ ನಿಲ್ಲುತ್ತದೆ, ಪಕ್ಕದ ಕೋಣೆಯ ಗೋಡೆಗೆ ಶೀತ ಏರುವುದು ತಪ್ಪುವುದಿಲ್ಲ, ವಯಸ್ಸಾದವರು ಈಗ ಇನ್ನೂ ನುಣುಪಾದ ನೆಲದ ಮೇಲೆ ಜೀವ ಕೈಯಲ್ಲಿ ಹಿಡಿದು ಕಾಲಿಡುತ್ತಾರೆ. ಈ ಪತ್ರದಲ್ಲಿ ನಾನು ಹೇಳುವುದು ಒಂದೇ ಮಾತು. ಕೈಯಲ್ಲಿರುವುದು ಸಣ್ಣ ದುಡ್ಡಾದರೆ ಅದನ್ನು ನೀರಿನ ದಾರಿಗೆ ಮತ್ತು ನೆಲಕ್ಕೆ ಮೊದಲು ಹಾಕಿ; ಗಾಳಿ ಬೆಳಕು ಮತ್ತು ಹಿಡಿದುಕೊಳ್ಳುವ ಆಸರೆ ಎರಡನೆಯದು; ಗೋಡೆಯ ಅಲಂಕಾರ ಎಲ್ಲಕ್ಕೂ ಕಡೆಯದು. ಹೀಗೆ ಮಾಡಿದರೆ ಖರ್ಚು ಇಳಿಯುತ್ತದೆ. ಖರ್ಚಿಗಿಂತ ದೊಡ್ಡ ಲಾಭವೆಂದರೆ, ಆ ಕೆಲಸದ ಬಹುಪಾಲು ಮನೆಯವರ ಕೈಯಿಂದಲೇ ಆಗುತ್ತದೆ. ನಿಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಬಚ್ಚಲನ್ನು ದಿನಾ ಉಜ್ಜುವವರು ನೀವು, ಬಟ್ಟೆ ಒಗೆಯುತ್ತ ಮಕ್ಕಳಿಗೆ ನೀರು ಹಾಕುತ್ತ ಅದರೊಳಗೆ ಹೆಚ್ಚು ಹೊತ್ತು ಕಳೆಯುವವರೂ ನೀವೇ. ಆದರೂ ಮೇಸ್ತ್ರಿಯ ಹತ್ತಿರ ಮಾತಾಡುವಾಗ ನಿಮ್ಮನ್ನು ಕೇಳುವುದು ಟೈಲ್ಸಿನ ಬಣ್ಣವನ್ನಷ್ಟೇ.

ಸಿರಿಗೆರೆ, ಕೋಗುಂಡೆ, ವಿಜಾಪುರ, ಭರಮಸಾಗರ, ಎಲ್ಲಿ ನೋಡಿದರೂ ಹಳೆಯ ಬಚ್ಚಲುಗಳು ಹೆಚ್ಚುಕಮ್ಮಿ ಮೂರು ಬಗೆ. ಒಂದು, ಮಣ್ಣಿನ ಮಾಳಿಗೆ ಮನೆಯ ಹಿಂಬದಿಯ ಬಚ್ಚಲು: ಹಾಸಿದ ಚಪ್ಪಡಿ ಕಲ್ಲು, ಮೂಲೆಯಲ್ಲಿ ಹಂಡೆ ಒಲೆ, ಗೋಡೆಯಲ್ಲೊಂದು ತೂತು, ಆಚೆ ಬಾಳೆಗಿಡ. ಎರಡನೆಯದು, ಮೂವತ್ತು ನಲವತ್ತು ವರ್ಷದ ಹಿಂದಿನ ತಾರಸಿ ಮನೆಯದು: ಕೆಂಪು ಆಕ್ಸೈಡ್ ನೆಲ ಅಥವಾ ಅಂಗೈಯಗಲದ ಬಿಳಿ ಟೈಲ್ಸ್, ಗೋಡೆಯೊಳಗೆ ತುಕ್ಕು ಹಿಡಿದ ಜಿಐ ಪೈಪು, ಕೆಳಗಿನಿಂದ ಕೊಳೆಯುತ್ತಿರುವ ಮರದ ಬಾಗಿಲು. ಮೂರನೆಯದು, ಆಶ್ರಯ ಮನೆಗಳಿಗೆ ಆಮೇಲೆ ಸೇರಿಸಿದ್ದು, ಮತ್ತು 2014ರ ಅಕ್ಟೋಬರ್ 2ರಂದು ಶುರುವಾದ ಸ್ವಚ್ಛ ಭಾರತದ ಸಹಾಯಧನದಲ್ಲಿ ಕಟ್ಟಿದ್ದು. 12,000 ರೂಪಾಯಿ ಲೆಕ್ಕದಲ್ಲಿ ಶೌಚಾಲಯವೇನೋ ಎದ್ದಿತು. ಅದೇ ನಾಲ್ಕು ಗೋಡೆಯೊಳಗೆ ಸ್ನಾನವನ್ನೂ ನಾವು ಸೇರಿಸಿಕೊಂಡೆವು. ಸ್ನಾನದ ನೀರಿಗೆಂದು ಅಲ್ಲಿ ಯಾರೂ ದಾರಿ ಯೋಚಿಸಿರಲಿಲ್ಲ. ಮೂರರ ರೋಗವೂ ಹೊರನೋಟಕ್ಕೆ ಬೇರೆಬೇರೆ, ಮೂಲ ಒಂದೇ: ನೀರು ಬೀಳುವ ಜಾಗ ಗೊತ್ತಿದೆ, ಅದು ಹೋಗುವ ದಾರಿ ಕೆಟ್ಟಿದೆ.

ಟೈಲ್ಸ್ ನೀರನ್ನು ತಡೆಯುತ್ತದೆ ಎಂಬ ನಂಬಿಕೆ ಎಲ್ಲ ತಪ್ಪು ಖರ್ಚಿನ ಬೇರು. ಟೈಲ್ಸಿನ ಮೈ ನೀರು ಕುಡಿಯುವುದಿಲ್ಲ, ನಿಜ. ಆದರೆ ಎರಡು ಟೈಲ್ಸಿನ ನಡುವಿನ ಸಂದಿಗೆ ತುಂಬುವ ಮಾಮೂಲಿ ಸಿಮೆಂಟ್ ಗ್ರೌಟ್ ಕುಡಿಯುತ್ತದೆ. ನೆಲ ಮತ್ತು ಗೋಡೆ ಸೇರುವ ಮೂಲೆ ಕೂದಲೆಳೆಯಷ್ಟು ಬಿರಿಯುತ್ತದೆ. ಪೈಪು ನೆಲವನ್ನು ತೂರಿ ಹೋಗುವ ಕಡೆ ಸಿಮೆಂಟು ಪ್ಲಾಸ್ಟಿಕ್ಕಿಗೆ ಎಂದೂ ಪೂರ್ತಿ ಅಂಟುವುದಿಲ್ಲ. ಈ ಮೂರು ಕಡೆ ಒಳಗಿಳಿದ ನೀರು ಟೈಲ್ಸಿನ ಕೆಳಗಿನ ಗಾರೆಯಲ್ಲಿ ನಿಂತು, ಅಲ್ಲಿಂದ ಇಟ್ಟಿಗೆಯ ಗೋಡೆಗೆ ಏರುತ್ತದೆ. ಹೀಗೆ ಏರುವ ನೀರು ಉಪ್ಪನ್ನೂ ಹೊತ್ತು ತರುವುದರಿಂದ ಆಚೆ ಬದಿಯ ಬಣ್ಣ ಪುಡಿಪುಡಿಯಾಗಿ ಉದುರುತ್ತದೆ. ಅದರ ಮೇಲೆ ಮತ್ತೆ ಮತ್ತೆ ಬಣ್ಣ ಬಳಿಯುವುದು ದುಡ್ಡನ್ನು ನೀರಿಗೆ ಸುರಿದಂತೆ. ನೀರನ್ನು ನಿಜವಾಗಿ ತಡೆಯುವುದು ಟೈಲ್ಸಿನ ಕೆಳಗಿನ ಒಂದು ಪದರ. ಅದು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಬಜೆಟ್ಟಿನಲ್ಲಿ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ನಮ್ಮ ಸೀಮೆಯವರಿಗೆ ಇದನ್ನು ಹೊರಗಿನವರು ಬಂದು ಕಲಿಸಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಕರಲು ಮಣ್ಣು ಹರಡಿ ಬಡಿದು ಕೂರಿಸುತ್ತಿದ್ದ ಊರುಗಳು ಇವು. ಅಂದಕ್ಕಾಗಿ ಯಾರೂ ಆ ಮಣ್ಣು ಹೊರಲಿಲ್ಲ. ಅದನ್ನು ಹೊತ್ತವರಲ್ಲಿ ಹೆಂಗಸರು ಕಡಿಮೆ ಇರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಏನನ್ನೂ ಒಡೆಯುವ ಮೊದಲು ರೋಗ ಎಲ್ಲಿದೆ ಎಂದು ನೋಡಿಕೊಳ್ಳಿ. ಇದಕ್ಕೆ ದುಡ್ಡು ಬೇಡ. ಒಣಗಿದ ನೆಲಕ್ಕೆ ಒಂದು ಬಕೆಟ್ ನೀರು ಸುರಿದು ಹತ್ತು ನಿಮಿಷ ಬಿಡಿ. ಎಲ್ಲಿ ನಿಂತಿತೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಟೈಲ್ಸಿದ್ದರೆ ನಾಣ್ಯದಿಂದ ಒಂದೊಂದನ್ನೂ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಕೆಳಗೆ ಹಿಡಿತವಿಲ್ಲ, ನೀರೂ ಇರಬಹುದು. ಶೀತದ ಗೋಡೆಗೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಚ್ಚಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ ಬೆವರಿದ್ದರೆ ತೇವ ಗೋಡೆಯೊಳಗಿನದು, ಮುಂಬದಿ ಬೆವರಿದ್ದರೆ ಕೋಣೆಯ ಗಾಳಿಯದು. ಮೊದಲನೆಯದಕ್ಕೆ ನೆಲದ ಕೆಲಸ ಬೇಕು. ಎರಡನೆಯದಕ್ಕೆ ಒಂದು ಜಾಲರಿ ಕಿಟಕಿಯೋ ಆರಿಂಚಿನ ಎಕ್ಸಾಸ್ಟ್ ಫ್ಯಾನೋ ಸಾಕು, ನೆಲ ಒಡೆಯುವ ಮಾತೇ ಇಲ್ಲ. ಎಲ್ಲ ನಲ್ಲಿಗಳನ್ನೂ ರಾತ್ರಿ ಮುಚ್ಚಿ ಮೇಲಿನ ಟ್ಯಾಂಕಿನ ನೀರಿನ ಮಟ್ಟ ಗುರುತು ಮಾಡಿಟ್ಟು ಬೆಳಗ್ಗೆ ನೋಡಿದರೆ ಗೋಡೆಯೊಳಗಿನ ಪೈಪು ಸೋರುತ್ತಿದೆಯೇ ಎಂಬುದೂ ಬಯಲಾಗುತ್ತದೆ.

ಈಗ ಲೆಕ್ಕ. ನಮ್ಮ ಕಡೆಯ ಒಂದು ಸಾಮಾನ್ಯ ಬಚ್ಚಲು ಐದಡಿ ಅಗಲ, ಏಳಡಿ ಉದ್ದ ಎಂದಿಟ್ಟುಕೊಳ್ಳೋಣ. ನೆಲ 35 ಚದರಡಿ. ಸುತ್ತಳತೆ 24 ಅಡಿ. ಏಳಡಿ ಎತ್ತರಕ್ಕೆ ಟೈಲ್ಸ್ ಹತ್ತಿಸಿದರೆ 168 ಚದರಡಿ, ಬಾಗಿಲು ಕಳೆದರೆ ಸುಮಾರು 150. ನೆಲದ ನಾಲ್ಕು ಪಟ್ಟಿಗೂ ಹೆಚ್ಚು. ಟೈಲ್ಸ್, ಅಂಟು, ಗ್ರೌಟು, ಕೂಲಿ ಎಲ್ಲವೂ ಚದರಡಿಯ ಲೆಕ್ಕದಲ್ಲೇ ಬೆಳೆಯುವುದರಿಂದ, ಬಚ್ಚಲಿನ ದುಡ್ಡನ್ನು ತಿನ್ನುವುದು ಗೋಡೆ. ಟೈಲ್ಸನ್ನು ಮೂರಡಿಗೇ ನಿಲ್ಲಿಸಿ, ಮೈಮೇಲೆ ನೀರು ಸುರಿದುಕೊಳ್ಳುವ ಮೂಲೆಯಲ್ಲಿ ಮಾತ್ರ ಆರಡಿಗೆ ಏರಿಸಿದರೆ ಗೋಡೆಯ ಟೈಲ್ಸು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಉಳಿದ ಮೇಲಿನ ಗೋಡೆಗೆ ನಯವಾದ ಗಾರೆ ಮತ್ತು ಸಿಮೆಂಟ್ ಬಣ್ಣ ಸಾಕು. ನೆಲದ ಕಡೆಯ ಲೆಕ್ಕ ನೋಡಿ. ಒಂದಡಿ ಚೌಕದ ಟೈಲ್ಸ್ 35, ಒಡೆಯುವುದು ಕತ್ತರಿಸುವುದಕ್ಕೆಂದು ಇನ್ನು ನಾಲ್ಕೈದು, ಒಟ್ಟು 40. ಸರಾಸರಿ ಒಂದೂವರೆ ಇಂಚು ದಪ್ಪದ ಹೊಸ ಗಾರೆಗೆ, ಒಂದು ಪಾಲು ಸಿಮೆಂಟು ನಾಲ್ಕು ಪಾಲು ಮರಳು ಎಂದರೆ, ಒಂದು ಚೀಲ ಸಿಮೆಂಟ್ ಸಾಕು. ನೀರು ತಡೆಯುವ ಲೇಪ ನೆಲಕ್ಕೆ ಮತ್ತು ಸುತ್ತ ಒಂದಡಿ ಎತ್ತರಕ್ಕೆ ಬಳಿದರೆ 56 ಚದರಡಿ ಚಿಲ್ಲರೆ. ಮನೆಯನ್ನು ಉಳಿಸುವ ಕೆಲಸ ಇಷ್ಟೇ, ಮತ್ತು ಇದು ಇಡೀ ಪಟ್ಟಿಯಲ್ಲಿ ಅಗ್ಗದ ಭಾಗ. ಅಂಗಡಿಯಲ್ಲಿ ಕೊಟೇಶನ್ ಬರೆಸುವಾಗ ನೆಲ ಮತ್ತು ಗೋಡೆಯನ್ನು ಬೇರೆಬೇರೆ ಚೀಟಿಯಲ್ಲಿ ಬರೆಸಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ನನ್ನ ವಾದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಕೆಲಸದ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಕೆಲಸ ಹೆಚ್ಚಾಗಿ ಹಾಳಾಗುವುದು ಕ್ರಮ ತಪ್ಪಿ. ಹಳೆಯ ನೆಲವನ್ನು ಮೂರಿಂಚು ಆಳಕ್ಕೆ ಒಡೆದರೆ ಐದೂವರೆ ಕ್ವಿಂಟಲ್ಲಿನಷ್ಟು ಕಲ್ಲುಮಣ್ಣು ಬರುತ್ತದೆ. ಒಂದೇ ದಿನ ಹೊರುತ್ತೇವೆಂದು ಹೊರಡಬೇಡಿ, ಎರಡು ಮೂರು ದಿನ ಮಾಡಿ. ಒಡೆಯುವ ಮುಂಚೆ ನೆಲದ ತೂತಿಗೆ ಗೋಣಿ ತುರುಕಿ ಮುಚ್ಚಿ, ಇಲ್ಲವಾದರೆ ಅದೇ ಕಲ್ಲುಚೂರು ಪೈಪಿನೊಳಗೆ ಸೇರಿ ಮುಂದೆ ಹತ್ತು ವರ್ಷ ಕಾಡುತ್ತದೆ. ಟೈಲ್ಸಾಗಲಿ ಕಾಂಕ್ರೀಟಾಗಲಿ ಒಣಗಿದ್ದಾಗ ಗ್ರೈಂಡರ್ ಹಿಡಿಯಬೇಡಿ, ನೀರು ಚಿಮುಕಿಸಿ, ಮೂಗುಬಾಯಿಗೆ ಒಳ್ಳೆಯ ಮಾಸ್ಕ್ ಕಟ್ಟಿ. ಆ ದೂಳಿನ ಸಿಲಿಕಾ ಶ್ವಾಸಕೋಶಕ್ಕೆ ಸೇರಿದರೆ ಮತ್ತೆ ಹೊರಬರುವುದಿಲ್ಲ. ಆಮೇಲೆ ಹಳೆಯ ಜಿಐ ಪೈಪು ಬದಲಿಸುವುದಿದ್ದರೆ ಈಗಲೇ ಬದಲಿಸಿ: ಬಿಸಿನೀರಿಗೆ ಸಿಪಿವಿಸಿ, ತಣ್ಣೀರಿಗೆ ಯುಪಿವಿಸಿ. ಪೈಪು ಹಾಕಿದ ಮೇಲೆ ನೀರು ತುಂಬಿ ಒಂದು ರಾತ್ರಿ ಬಿಟ್ಟು, ಪ್ರತಿ ಜೋಡಣೆಯನ್ನೂ ಒಣಬಟ್ಟೆಯಿಂದ ಮುಟ್ಟಿ ನೋಡಿದ ಮೇಲೆಯೇ ಗೋಡೆ ಮುಚ್ಚಬೇಕು. ನೆಲದ ತೂತಿಗೆ ಬರಿಯ ಜಾಲರಿ ಇಟ್ಟರೆ ಸಾಲದು, ಎರಡಿಂಚು ನೀರು ಸದಾ ನಿಲ್ಲುವ ನಹಾನಿ ಟ್ರ್ಯಾಪ್ ಇರಲಿ. ಚರಂಡಿಯ ವಾಸನೆಯನ್ನೂ ಜಿರಳೆಯನ್ನೂ ತಡೆಯುವುದು ಆ ಎರಡಿಂಚು ನೀರು. ದುಬಾರಿ ಫಿನಾಯಿಲು ಸುರಿದೂ ಹೋಗದ ವಾಸನೆ ಎಷ್ಟೋ ಮನೆಗಳಲ್ಲಿ ಈ ಟ್ರ್ಯಾಪ್ ಇಲ್ಲದ್ದರಿಂದ ಬರುವಂಥದ್ದು.

ವಾಟದ ಮಾತಿಗೆ ಬರೋಣ. ಐದಡಿಗೆ ಒಂದಿಂಚು ಇಳಿಜಾರು ಎಂದು ನೆನಪಿಟ್ಟುಕೊಂಡರೆ ಸಾಕು. ಬಾಗಿಲ ಕಡೆ ಎತ್ತರ, ತೂತಿನ ಕಡೆ ತಗ್ಗು, ನಾಲ್ಕೂ ಗೋಡೆಯಿಂದ ತೂತಿನ ಕಡೆಗೆ. ಟ್ಯೂಬಿನಲ್ಲಿ ನೀರು ತುಂಬಿ ಮಟ್ಟ ಹಿಡಿಯುವುದು ಅರ್ಧ ಗಂಟೆಯಲ್ಲಿ ಕಲಿಯುವ ವಿದ್ಯೆ. ಚಿತ್ರದುರ್ಗದ ಕೋಟೆಯಲ್ಲಿ ಬಂಡೆಯ ಮೇಲೆ ಬಿದ್ದ ಮಳೆ ಒಂದು ಹೊಂಡ ತುಂಬಿ ಅದರ ಕೋಡಿ ಕೆಳಗಿನ ಇನ್ನೊಂದು ಹೊಂಡಕ್ಕೆ ಹರಿಯುವಂತೆ ಮಾಡಿದವರ ಕೈಯಲ್ಲಿ ಪಂಪಿರಲಿಲ್ಲ, ವಾಟವಿತ್ತು. 35 ಚದರಡಿಯ ನೆಲದಲ್ಲೂ ನೀರು ಕೇಳುವುದು ಅದೇ ಒಂದನ್ನು. ಗಾರೆ ಕಲಸುವಾಗ ಚೀಲಕ್ಕೆ 200 ಮಿಲಿಯಂತೆ ನೀರುನಿರೋಧಕ ದ್ರವ ಬೆರೆಸಿ. ಮೂಲೆಗಳನ್ನು ಚೂಪಾಗಿ ಬಿಡದೆ ಬೆರಳಿನಿಂದ ಒತ್ತಿ ದುಂಡಗೆ ಮಾಡಿ. ಆಮೇಲೆ ಏಳು ದಿನ ನೀರು ಹೊಡೆಯಬೇಕು. ನಮ್ಮ ಬೇಸಿಗೆಯಲ್ಲಿ ಹೊಡೆದ ನೀರು ಗಳಿಗೆಯಲ್ಲೇ ಆರುವುದರಿಂದ ಒದ್ದೆ ಗೋಣಿ ಹೊದಿಸಿಡಿ. ಹಸಿಗಾರೆ ಬಿರಿಯುವುದು ಹೆಚ್ಚಾಗಿ ನೀರು ಹೊಡೆಯದ ಸೋಮಾರಿತನದಿಂದ. ಒಣಗಿದ ಮೇಲೆ ಸಿಮೆಂಟು ಮತ್ತು ಅಕ್ರಿಲಿಕ್ ದ್ರವ ಬೆರೆಸುವ ಎರಡು ಭಾಗದ ಲೇಪವನ್ನು ಬ್ರಷ್ಷಿನಲ್ಲಿ ಬಳಿಯಿರಿ. ಮೊದಲ ಸಲ ಉದ್ದಕ್ಕೆ, ಅದು ಆರಿದ ಮೇಲೆ ಎರಡನೆಯ ಸಲ ಅಡ್ಡಕ್ಕೆ. ಮೂಲೆಗಳಿಗೂ ಪೈಪಿನ ಸುತ್ತಲಿಗೂ ಲೇಪದೊಳಗೆ ಜಾಲರಿ ಬಟ್ಟೆಯ ಪಟ್ಟಿ ಕೂರಿಸಿ. ಗೋಡೆ ಸಾರಿಸಿ, ಕೆಮ್ಮಣ್ಣಿನ ಕಾರಣೆ ಎಳೆದು ಬೆಳೆದ ಕೈಗಳಿಗೆ ಇದು ಕಷ್ಟದ ಕೆಲಸವಲ್ಲ.

ಲೇಪ ಗಟ್ಟಿಯಾದ ಮೇಲೆ ತೂತು ಮುಚ್ಚಿ, ಬಾಗಿಲಿಗೆ ಒಂದು ತಾತ್ಕಾಲಿಕ ಕಟ್ಟೆ ಕಟ್ಟಿ, ಎರಡಿಂಚು ನೀರು ನಿಲ್ಲಿಸಿ. ಕಡಿಮೆಯೆಂದರೆ 24 ಗಂಟೆ, ಸಾಧ್ಯವಾದರೆ 48. ಆವಿಯಾಗಿ ಹೋದದ್ದೆಷ್ಟು, ಸೋರಿ ಹೋದದ್ದೆಷ್ಟು ಎಂಬ ಗೊಂದಲ ಬರುತ್ತದೆ. ಅದಕ್ಕೆ ಒಂದು ಅಗಲದ ಪಾತ್ರೆಯಲ್ಲಿ ನೀರು ತುಂಬಿ ಅಲ್ಲೇ ಪಕ್ಕದಲ್ಲಿಡಿ, ಎರಡರ ಮಟ್ಟಕ್ಕೂ ಗುರುತು ಹಾಕಿ. ಎರಡೂ ಒಂದೇ ಸಮ ಇಳಿದಿದ್ದರೆ ಕುಡಿದದ್ದು ಗಾಳಿ. ನೆಲದ್ದು ಹೆಚ್ಚು ಇಳಿದಿದ್ದರೆ ಇನ್ನೊಂದು ಸಲ ಲೇಪ ಬಳಿಯಬೇಕು. ಈ ಪರೀಕ್ಷೆಯನ್ನು ಮೇಸ್ತ್ರಿ ಬೇಡವೆಂದರೂ ಬಿಡಬೇಡಿ. ಟೈಲ್ಸ್ ಕೂತ ಮೇಲೆ ತಪ್ಪು ಹುಡುಕುವುದೆಂದರೆ ಎಲ್ಲವನ್ನೂ ಮತ್ತೆ ಒಡೆಯುವುದು. ಟೈಲ್ಸ್ ಕೂರಿಸಲು ಸಿಮೆಂಟ್ ಹಾಲಿಗಿಂತ ಐಎಸ್ 15477 ಎಂದು ಚೀಲದ ಮೇಲೆ ಅಚ್ಚಾದ ಅಂಟು ವಾಸಿ: ಹಲ್ಲಿನ ಕರಣೆಯಲ್ಲಿ ಹರಡಿ ಒತ್ತಿದರೆ ಕೆಳಗೆ ಟೊಳ್ಳು ಉಳಿಯುವುದಿಲ್ಲ. ನೆಲಕ್ಕೆ ಒರಟು ಮೈಯ ಮ್ಯಾಟ್ ಟೈಲ್ಸ್ ಬಿಟ್ಟು ಬೇರೆ ಬೇಡ. ಚಪ್ಪಡಿ ಕಲ್ಲು ಈಗಾಗಲೇ ಇದ್ದರೆ ಟೈಲ್ಸೇ ಬೇಡ. ಕಲ್ಲನ್ನು ಎಬ್ಬಿಸಿ, ಕೆಳಗೆ ವಾಟ ಸರಿಮಾಡಿ, ಅದೇ ಕಲ್ಲನ್ನು ಮತ್ತೆ ಹಾಸಿ ಸಂದಿ ತುಂಬಿಸಿ. ಅಷ್ಟು ಬಾಳಿಕೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಗೋಡೆ ಮಣ್ಣಿನದಾಗಿದ್ದರೆ ಅದಕ್ಕೆ ಸಿಮೆಂಟಿನ ಗಾರೆ ಮೆತ್ತಬೇಡಿ, ತೇವ ಒಳಗೇ ಸಿಕ್ಕಿಕೊಂಡು ಗೋಡೆ ಕರಗುತ್ತದೆ. ಸುಣ್ಣದ ಗಾರೆ ಇರಲಿ, ನೀರು ಸುರಿದುಕೊಳ್ಳುವ ಜಾಗವನ್ನು ಗೋಡೆಯಿಂದ ಒಂದಿಷ್ಟು ದೂರ ಸರಿಸಿ.

ನೀರು ಮನೆಯಿಂದ ಹೊರಬಿದ್ದ ಮೇಲೂ ಮಾತು ಮುಗಿಯಲಿಲ್ಲ. ಸ್ನಾನದ ನೀರನ್ನು ಶೌಚಾಲಯದ ಇಂಗುಗುಂಡಿಗೆ ಬಿಟ್ಟಿರುವ ಮನೆಗಳು ಬೇಕಾದಷ್ಟಿವೆ. ಶೌಚಕ್ಕೆ ಒಂದು ಸಲಕ್ಕೆ ಎರಡು ಲೀಟರ್ ಆಸುಪಾಸಿನ ನೀರು ಸುರಿಯುತ್ತಾರೆಂಬ ಲೆಕ್ಕದಲ್ಲಿ ಕಟ್ಟಿದ ಗುಂಡಿಗೆ ಇಡೀ ಮನೆಯ ಸ್ನಾನ, ಬಟ್ಟೆ ಒಗೆತ ಇಳಿದರೆ ಅದು ಬೇಗ ತುಂಬಿ ಹಿಂದಕ್ಕೆ ಉಕ್ಕುತ್ತದೆ. ಆಗ ಗುಂಡಿ ಸರಿಯಿಲ್ಲ, ಮಣ್ಣು ಸರಿಯಿಲ್ಲ ಎಂದು ದೂರುತ್ತೇವೆ. ಎರಡು ನೀರಿಗೂ ಎರಡು ದಾರಿ ಇರಲಿ. ಸ್ನಾನದ ನೀರಿಗೆ ಜಲ್ಲಿ ತುಂಬಿದ ಬಚ್ಚಲುಗುಂಡಿ, ಇಲ್ಲವೇ ಬಾಳೆ, ತೆಂಗು, ಕೆಸುವಿನ ಪಾತಿ. ಬಚ್ಚಲುಗುಂಡಿಗೆ ಉದ್ಯೋಗ ಖಾತ್ರಿಯಲ್ಲಿ ಅಭಿಯಾನವನ್ನೇ ಮಾಡಿದ ರಾಜ್ಯ ನಮ್ಮದು. ಈಗ ಯಾವ ಲೆಕ್ಕದಲ್ಲಿ ಸಿಗುತ್ತದೆಂದು ಪಂಚಾಯಿತಿಯಲ್ಲಿ ಸಂಘದ ಪರವಾಗಿ ವಿಚಾರಿಸಿ, ಒಬ್ಬೊಬ್ಬರೇ ಹೋಗಬೇಡಿ.

ಚಿತ್ರದುರ್ಗ ಜಿಲ್ಲೆಗೆ ಇನ್ನೊಂದು ವಿಶೇಷ ತೊಂದರೆ ಇದೆ, ಗಡಸು ನೀರು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಒಪ್ಪಿತ ಮಿತಿ, ಬೇರೆ ನೀರಿಲ್ಲದಿದ್ದರೆ 600ರವರೆಗೆ ಸಹಿಸಬಹುದು ಎಂದಿದೆ. ನಮ್ಮ ಆಳದ ಬೋರ್‌ವೆಲ್ಲುಗಳ ನೀರು ಯಾವ ಬದಿಯದೆಂದು ಹಂಡೆಯ ತಳದ ಬಿಳಿ ಗಾರನ್ನು ಕೆರೆದವರಿಗೆ ಹೇಳಬೇಕಾಗಿಲ್ಲ. ತುಂಗಭದ್ರೆಯ ನೀರು ಏತ ನೀರಾವರಿಯಲ್ಲಿ ಭರಮಸಾಗರದ ದೊಡ್ಡಕೆರೆಗೆ ಬಂದದ್ದು ಅಂತರ್ಜಲಕ್ಕೆ ಒಳ್ಳೆಯದೇ, ಆದರೆ ನಲ್ಲಿಯ ಮೇಲಿನ ಬಿಳಿ ಕಲೆ ಅದರಿಂದ ಒಂದೇ ಸಲ ಹೋಗುವುದಿಲ್ಲ. ಆದ್ದರಿಂದ ಕರಿ, ಕಡುನೀಲಿ, ಮಿರಮಿರ ಹೊಳೆಯುವ ಟೈಲ್ಸಿಗೆ ಮರುಳಾಗಬೇಡಿ. ಅದರ ಮೇಲೆ ಪ್ರತಿ ಹನಿಯೂ ಒಂದು ಬಿಳಿ ಚುಕ್ಕೆಯಾಗಿ ನಿಲ್ಲುತ್ತದೆ, ಉಜ್ಜುವ ಕೆಲಸ ನಿಮಗೇ ಬೀಳುತ್ತದೆ. ತಿಳಿಬಣ್ಣ, ಮಾಸಲು ಬಿಳಿ, ಮರಳಿನ ಬಣ್ಣ ಒಳ್ಳೆಯದು. ಕಲೆ ತೆಗೆಯಲು ಬಾಟಲಿಯ ಆಸಿಡ್ ಸುರಿಯುವ ಅಭ್ಯಾಸ ಬಿಡಲೇಬೇಕು. ಅದು ಕಲೆಯ ಜೊತೆಗೆ ಟೈಲ್ಸಿನ ಸಂದಿಯ ಸಿಮೆಂಟನ್ನೂ ತಿನ್ನುತ್ತದೆ. ಬ್ಲೀಚಿಂಗ್ ಪೌಡರಿಗೆ ತಾಗಿದರೆ ಏಳುವ ಕ್ಲೋರಿನ್ ಅನಿಲ ಮುಚ್ಚಿದ ಬಚ್ಚಲಿನಲ್ಲಿ ಪ್ರಾಣಕ್ಕೇ ಅಪಾಯ. ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ ಅದರಲ್ಲಿ ಬಟ್ಟೆ ಅದ್ದಿ ಅರ್ಧ ಗಂಟೆ ಹೊದಿಸಿಟ್ಟರೆ ನಲ್ಲಿಯ ಗಾರು ಬಿಟ್ಟುಕೊಳ್ಳುತ್ತದೆ. ಆದರೆ ಕಡಪ ಮತ್ತು ಶಹಾಬಾದ್ ಕಲ್ಲಿನ ಮೇಲೆ ಅದೂ ಬೇಡ. ಅವೆರಡೂ ಸುಣ್ಣದ ಕಲ್ಲಿನ ಜಾತಿ, ಹುಳಿ ತಾಗಿದರೆ ಮೈ ಕಿತ್ತುಬರುತ್ತದೆ. ನಮ್ಮ ಗಟ್ಟಿ ಕರಿಕಲ್ಲು ತಡೆಯುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ನಿಮ್ಮಲ್ಲಿ ಹಲವರು ಹೇಳುವುದು ಗೊತ್ತು: ಇದು ಮೇಸ್ತ್ರಿ ಕೆಲಸ, ಹೆಂಗಸರ ಕೈಲಾಗುವುದಲ್ಲ. ಮೇಸ್ತ್ರಿಯ ವಿದ್ಯೆ ನಿಜವಾದ ವಿದ್ಯೆ, ಅದನ್ನು ನಾನು ಹಗುರ ಮಾಡುತ್ತಿಲ್ಲ. ವಾಟ ಹಿಡಿದು ಗಾರೆ ಎಳೆಯುವ ಒಂದು ದಿನಕ್ಕೆ, ಟೈಲ್ಸ್ ಕೂರಿಸುವ ಒಂದೆರಡು ದಿನಕ್ಕೆ ಅವರನ್ನು ಕರೆಯಿರಿ. ಒಡೆಯುವುದು, ಹೊರುವುದು, ನೀರು ಹೊಡೆಯುವುದು, ಲೇಪ ಬಳಿಯುವುದು, ನೀರು ನಿಲ್ಲಿಸಿ ನೋಡುವುದು, ಸಂದಿ ತುಂಬುವುದು, ಬಣ್ಣ ಹಚ್ಚುವುದು, ಇಷ್ಟಕ್ಕೂ ಅವರ ಕೂಲಿ ಕೊಡಬೇಕಾಗಿಲ್ಲ. ಹೆಂಗಸರ ಕೈಲಾಗದು ಎಂಬುದಕ್ಕಂತೂ ಉತ್ತರ ದೇಶದಲ್ಲೇ ಇದೆ. ಜಾರ್ಖಂಡಿನಲ್ಲಿ ಸ್ವಚ್ಛ ಭಾರತದ ಶೌಚಾಲಯಗಳಿಗೆ ಗಾರೆಯವರು ಸಾಲದೆ ಹೋದಾಗ ಸ್ವಸಹಾಯ ಸಂಘಗಳ ಸಾವಿರಾರು ಹೆಂಗಸರು ಕರಣೆ ಹಿಡಿದು ಕಲಿತರು. ರಾಣಿ ಮಿಸ್ತ್ರಿ ಎಂಬ ಹೆಸರೇ ಅವರಿಗೆ ನಿಂತಿತು. ಅವರೂ ನಿಮ್ಮ ಹಾಗೆಯೇ ವಾರಕ್ಕೊಮ್ಮೆ ಕೂತು ಉಳಿತಾಯದ ಪುಸ್ತಕ ಬರೆಯುವವರು. ನಮ್ಮಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವ ಹೆಣ್ಣಾಳುಗಳು ವರ್ಷಗಟ್ಟಲೆ ಗಾರೆ ಕಲಸಿ ಹೊತ್ತೂ ಕೂಲಿಯವರಾಗಿಯೇ ಉಳಿಯುವುದು ಕೈಯ ಕೊರತೆಯಿಂದ ಅಲ್ಲ, ಕರಣೆ ಯಾರೂ ಕೊಡದ್ದರಿಂದ.

ಆದರೆ ಕೆಲವಕ್ಕೆ ಕೈ ಹಾಕಲೇಬಾರದು. ಕರೆಂಟಿನ ಕೆಲಸ ಲೈಸೆನ್ಸ್ ಇರುವವರದೇ. ಗೀಸರ್ ಇರುವ ಮನೆಗೆ ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಯಾಂಪ್ ಕರೆಂಟು ಸೋರಿದರೆ ತಾನಾಗಿ ಬೀಳುವ ಆರ್‌ಸಿಸಿಬಿ ಸ್ವಿಚ್ಚು ಇರಲೇಬೇಕು. ಟೈಲ್ಸಿಗೆ ದುಡ್ಡು ಸಾಲದಿದ್ದರೆ ಪರವಾಗಿಲ್ಲ, ಇದಕ್ಕೆ ಸಾಲದೆಂದರೆ ಹಂಡೆಯ ನೀರೇ ಕಾಯಿಸಿಕೊಳ್ಳಿ. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ರಾಡನ್ನು ಒದ್ದೆ ನೆಲದ ಬಚ್ಚಲಿನಿಂದ ಹೊರಹಾಕಿ. ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೆ ಎಂದೂ ಕೂರಿಸಬೇಡಿ. ಅದು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಹಾಕಿಕೊಂಡು ಸ್ನಾನಕ್ಕಿಳಿದವರು ಎಚ್ಚರ ತಪ್ಪಿ ಸತ್ತ ಸುದ್ದಿಗಳು ನಮ್ಮ ರಾಜ್ಯದಲ್ಲೇ ಮತ್ತೆ ಮತ್ತೆ ಬಂದಿವೆ. ಹಂಡೆ ಒಲೆಯ ಬಾಯಿಯನ್ನು ಹಿರಿಯರು ಗೋಡೆಯಾಚೆ ಇಟ್ಟದ್ದರಲ್ಲಿ ಇದೇ ವಿವೇಕವಿತ್ತು. ಬಚ್ಚಲಿನ ಮೇಲೆ ಹಳೆಯ ಕಲ್ನಾರಿನ ಶೀಟಿದ್ದರೆ ಅದನ್ನು ಕತ್ತರಿಸುವುದಾಗಲಿ ತೂತು ಕೊರೆಯುವುದಾಗಲಿ ಬೇಡ. ಆ ದೂಳೂ ಶ್ವಾಸಕೋಶದ ಶತ್ರುವೇ.

ಅಂದ ಬೇಡವೇ, ನೆಂಟರು ಬಂದರೆ ಏನನ್ನುತ್ತಾರೆ ಎಂಬುದು ಇನ್ನೊಂದು ಮಾತು. ಅಂದ ಬೇಕು, ಅದನ್ನು ಬಯಸುವುದರಲ್ಲಿ ತಪ್ಪೇನೂ ಇಲ್ಲ. ದಿನದ ಮೊದಲ ಕೆಲಸ ಕತ್ತಲು ಕವಿದ, ಪಾಚಿಗಟ್ಟಿದ ಕೋಣೆಯಲ್ಲಿ ಶುರುವಾಗುವುದು ಯಾರ ಮನಸ್ಸಿಗೂ ಹಿತವಲ್ಲ. ಆದರೆ ಹಳೆಯ ಬಚ್ಚಲು ಹಳೆಯದಾಗಿ ಕಾಣುವುದಕ್ಕೆ ಟೈಲ್ಸಿಗಿಂತ ಹೆಚ್ಚಾಗಿ ಕಾರಣ ಕಪ್ಪಾದ ಸಂದಿಗಳು, ಮಸುಕು ಬಲ್ಬು, ಕೊಳೆತ ಬಾಗಿಲು. ಗೋಡೆಯ ಹಳೆಯ ಬಿಳಿ ಟೈಲ್ಸು ಗಟ್ಟಿಯಾಗಿದ್ದರೆ ಒಡೆಯಬೇಡಿ. ಸಂದಿಯ ಹಳೆಯ ಗ್ರೌಟನ್ನು ಕೆರೆದು ತೆಗೆದು ಎಪಾಕ್ಸಿ ಗ್ರೌಟ್ ತುಂಬಿ. ಅದು ನೀರು ಕುಡಿಯುವುದಿಲ್ಲ, ಗಡಸು ನೀರಿಗೂ ಜಗ್ಗುವುದಿಲ್ಲ. ಮರದ ಬಾಗಿಲಿನ ಜಾಗಕ್ಕೆ ಪಿವಿಸಿ ಬಾಗಿಲು, ಮೇಲಿನ ಗೋಡೆಗೆ ತಿಳಿ ಬಣ್ಣ, ಒಂದು ಒಳ್ಳೆಯ ಎಲ್‌ಇಡಿ, ಜಾಲರಿ ಕಿಟಕಿಯ ದೂಳು ತೊಳೆದದ್ದು, ಇಷ್ಟರಲ್ಲೇ ಕೋಣೆ ಬೇರೆಯಾಗುತ್ತದೆ. ಆಕ್ಸೈಡ್ ನೆಲವಿದ್ದವರು ಅದನ್ನು ಹಳೆಯ ಕಾಲದ್ದೆಂದು ಕೀಳಾಗಿ ನೋಡಬೇಡಿ. ಬಿರುಕು ತುಂಬಿ, ಮತ್ತೆ ಆಕ್ಸೈಡ್ ಎಳೆದು, ಕಾಲಿಡುವ ಜಾಗ ಒರಟು ಮಾಡಿದರೆ ಅದು ಇನ್ನೊಂದು ತಲೆಮಾರು ಬಾಳುತ್ತದೆ. ಕಮೋಡಿನ ಪಕ್ಕ ಮತ್ತು ಸ್ನಾನದ ಜಾಗದಲ್ಲಿ ಎರಡೂವರೆಯಿಂದ ಮೂರಡಿ ಎತ್ತರಕ್ಕೆ ಸ್ಟೀಲಿನ ಹಿಡಿಕೆ ಹಾಕಿಸಿ, ಅದರ ಬೋಲ್ಟು ಟೈಲ್ಸಿಗೆ ಮಾತ್ರ ಸಿಕ್ಕಿಕೊಳ್ಳದೆ ಗೋಡೆಯ ಇಟ್ಟಿಗೆಯೊಳಗೆ ಇಳಿದಿರಲಿ. ಅತ್ತೆ ಮಾವ ಜಾರಿ ಸೊಂಟ ಮುರಿದುಕೊಂಡ ಮನೆ ಪ್ರತಿ ಓಣಿಯಲ್ಲೂ ಒಂದಿರುತ್ತದೆ. ಆ ಒಂದು ಆಪರೇಷನ್ನಿನ ಖರ್ಚಿನಲ್ಲಿ ಓಣಿಯ ಎಲ್ಲ ಬಚ್ಚಲಿಗೂ ಹಿಡಿಕೆ ಹಾಕಿಸಬಹುದಿತ್ತು.

ಹಳೆಯ ಟೈಲ್ಸಿನ ಮೇಲೇ ಹೊಸ ಟೈಲ್ಸ್ ಅಂಟಿಸಿದರೆ ಅಗ್ಗವಲ್ಲವೇ? ನೆಲದ ವಾಟ ಸರಿಯಿದ್ದು, ತಟ್ಟಿದಾಗ ಎಲ್ಲೂ ಟೊಳ್ಳಿಲ್ಲದೆ, ಗೋಡೆಗೆ ಶೀತವೂ ಇಲ್ಲದಿದ್ದರೆ ಧಾರಾಳವಾಗಿ ಮಾಡಿ. ಅಷ್ಟೆಲ್ಲ ಸರಿಯಿದ್ದರೆ ಹೊಸ ಟೈಲ್ಸಿನ ಅಗತ್ಯವೇ ಕಡಿಮೆ, ಅದು ಬೇರೆ ಮಾತು. ಸರಿಯಿಲ್ಲದ ನೆಲದ ಮೇಲೆ ಅಂಟಿಸಿದರೆ ಹಳೆಯ ತಪ್ಪೆಲ್ಲ ಹೊಸ ನೆಲಕ್ಕೂ ಬರುತ್ತದೆ, ಮೇಲಾಗಿ ನೆಲ ಅರ್ಧ ಮುಕ್ಕಾಲು ಇಂಚು ಏರಿ ಬಾಗಿಲಿನ ಹೊಸ್ತಿಲು ತಗ್ಗಾಗಿ, ಬಚ್ಚಲಿನ ನೀರು ಪಡಸಾಲೆಗೆ ನುಗ್ಗಲು ದಾರಿಯಾಗುತ್ತದೆ.

ದುಡ್ಡಿನ ಬಗ್ಗೆ ಒಂದು ಮಾತು ಉಳಿದಿದೆ. ಬಚ್ಚಲು ಆದಾಯ ತರುವುದಿಲ್ಲ, ಅದಕ್ಕೆ ಸಂಘದ ಸಾಲ ಏಕೆ ಎಂದು ಕೇಳುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ದೊಡ್ಡ ಸಾಲ ಬೇಡವೇ ಬೇಡ. ಈ ಕೆಲಸವನ್ನು ಕಂತಿನಲ್ಲಿ ಮಾಡಬಹುದೆಂಬುದೇ ಇದರ ಒಳ್ಳೆಯ ಗುಣ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬರುವ ಮನೆಯಲ್ಲಿ ನಾಲ್ಕೈದು ಕಂತಿನಿಂದ ಒಂದಿಷ್ಟು ಎತ್ತಿಟ್ಟರೆ ಟ್ರ್ಯಾಪು, ಸಿಮೆಂಟು, ಲೇಪದ ದುಡ್ಡು ಕೂಡುತ್ತದೆ. ಟೈಲ್ಸ್ ಮುಂದಿನ ವರ್ಷಕ್ಕಿರಲಿ. ಲೇಪ ಹಾಕಿದ ನೆಲವನ್ನು ಹಾಗೇ ಬಿಟ್ಟರೆ ತುಳಿತಕ್ಕೆ ಸವೆಯುತ್ತದೆ, ಆದ್ದರಿಂದ ಅದರ ಮೇಲೆ ಸಿಮೆಂಟು ಗಾರೆಯ ತೆಳುಪದರವೊಂದನ್ನು ವಾಟ ಕೆಡದಂತೆ ಎಳೆದು ಬಳಸುತ್ತಿರಿ. ಕಡಿಮೆಯೆಂದರೆ ಎರಡು ವಾರ ಸ್ನಾನಕ್ಕೆ ಬೇರೆ ಜಾಗ ಬೇಕು. ಯುಗಾದಿಯ ನಂತರದ ಬಿಸಿಲಿನಲ್ಲಿ ಹಿತ್ತಲಲ್ಲಿ ಒಂದು ತಡಿಕೆ ಕಟ್ಟಿಕೊಂಡರೆ ಅದೂ ನಡೆಯುತ್ತದೆ.

ನನ್ನ ಕೋರಿಕೆ ಇಷ್ಟು. ಮುಂದಿನ ವಾರದ ಸಭೆಯಲ್ಲಿ ಸಾಲ ವಸೂಲಿಯ ಮಾತು ಮುಗಿದ ಮೇಲೆ, ಯಾರ ಬಚ್ಚಲಿನಲ್ಲಿ ನೀರು ನಿಲ್ಲುತ್ತದೆ ಎಂದು ಒಂದು ಸುತ್ತು ಕೇಳಿ. ಸಂಘಗಳ ಒಕ್ಕೂಟದ ಲೆಕ್ಕದಲ್ಲಿ ಒಂದು ರಸಮಟ್ಟ, ಮಟ್ಟದ ಟ್ಯೂಬು, ಎರಡು ಕರಣೆ, ಹಲ್ಲಿನ ಕರಣೆಯೊಂದು, ಉಳಿ ಸುತ್ತಿಗೆ, ರಬ್ಬರ್ ಸುತ್ತಿಗೆ, ಕೈಯಲ್ಲಿ ಎಳೆಯುವ ಟೈಲ್ಸ್ ಕಟರ್ ಕೊಂಡಿಡಿ. ಇವೆಲ್ಲ ಒಂದು ಮನೆಗೆ ವರ್ಷದಲ್ಲಿ ಹತ್ತು ದಿನ ಬೇಕಾಗುವ ಸಾಮಾನು. ಲೇಪದ ಡಬ್ಬಿಯನ್ನು ದೊಡ್ಡದಾಗಿ ಕೊಂಡು ಎರಡು ಮೂರು ಮನೆಗೆ ಹಂಚಿಕೊಳ್ಳಿ, ತೆರೆದ ಮೇಲೆ ಉಳಿದದ್ದು ಕೆಡುತ್ತದೆ. ಮೊದಲ ಮನೆಯದು ಅತ್ಯಂತ ಕೆಟ್ಟ ಬಚ್ಚಲಿರಲಿ, ಅಲ್ಲಿ ಮೇಸ್ತ್ರಿ ವಾಟ ಹಿಡಿಯುವ ದಿನ ಕಲಿಯುವ ಮನಸ್ಸಿರುವ ನಾಲ್ವರು ಕೂಲಿ ಕೇಳದೆ ಜೊತೆಗೆ ನಿಲ್ಲಿ, ಕಲಿಸುವುದಕ್ಕೆಂದು ಮೇಸ್ತ್ರಿಗೆ ಅರ್ಧ ದಿನದ ಕೂಲಿ ಹೆಚ್ಚು ಕೊಡಿ. ಎರಡನೆಯ ಮನೆಗೆ ಆ ನಾಲ್ವರಲ್ಲಿ ಒಬ್ಬರು ಮಟ್ಟದ ಟ್ಯೂಬು ಹಿಡಿದು ಹೋಗಲಿ.

ವಿಶ್ವಾಸದಿಂದ,
ನಿಮ್ಮ ಹಿತ ಬಯಸುವ ಒಂದು ಕೈ
ಭರಮಸಾಗರ